ಸಡಿಲ ನೆಲಕ್ಕೆ ಗಟ್ಟಿಗಾರೆಯ ಚಿಕಿತ್ಸೆ

ಕಟ್ಟಡದ ಕೆಳಗಣ ಭಾಗವನ್ನು ಹೇಳುವುದಕ್ಕೆ ನಮ್ಮ ನುಡಿಯಲ್ಲಿ ಪದಗಳ ಬಡತನವಿಲ್ಲ. ಅಡಿಪಾಯ, ತಳಪಾಯ, ತಳಹದಿ, ಅಸ್ತಿವಾರ, ಪಂಚಾಂಗ ಎಂದು ಒಂದೊಂದು ಸೀಮೆಯವರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಪಾರಸಿಯಿಂದ ಬಂದ ಬುನಾದಿಯೂ ನಮ್ಮದೇ ಆಗಿ ಬಳಕೆಯಲ್ಲಿದೆ. ಆದರೆ ಈ ಪದಗಳೆಲ್ಲವೂ ಮನುಷ್ಯನು ಕಲ್ಲು ಗಾರೆಗಳಿಂದ ಕಟ್ಟಿದ ಭಾಗಕ್ಕೆ ಸಲ್ಲುವಂಥವು. ಆ ಭಾಗವನ್ನೂ ಹೊತ್ತು ನಿಂತಿರುವ ಮಣ್ಣಿಗೆ ಬೇರೊಂದು ಹೆಸರನ್ನು ನಾವು ಇಟ್ಟಿಲ್ಲ. 'ನೆಲ' ಎಂದು ಹೇಳಿ ಸುಮ್ಮನಾಗುತ್ತೇವೆ. ಹೆಸರಿಲ್ಲದ ವಸ್ತುವಿನ ಕಡೆಗೆ ಮನಸ್ಸು ಹರಿಯುವುದು ಕಡಿಮೆ. ಮನೆ ಕಟ್ಟುವಾಗ ಕಲ್ಲನ್ನು ತಟ್ಟಿ ನೋಡುತ್ತೇವೆ, ಮರವನ್ನು ಆರಿಸಿ ತರುತ್ತೇವೆ, ಸಿಮೆಂಟಿನ ಚೀಲದ ಮೇಲಿನ ತಾರೀಖನ್ನು ಓದುತ್ತೇವೆ. ಕೆಳಗಿರುವ ಮಣ್ಣನ್ನು ಮಾತ್ರ ಕೇಳುವವರಿಲ್ಲ.

ಕನ್ನಡ ಪಾಠ ಹೇಳುವವನಿಗೆ ಇಂಥ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ. ಸುಮಾರು 25 ವರ್ಷಗಳ ಹಿಂದೆ ನಾನು ಕೆಲಸದಲ್ಲಿದ್ದ ಊರೊಂದರಲ್ಲಿ ವಿದ್ಯಾರ್ಥಿಗಳ ವಸತಿಗೃಹವಿತ್ತು. ಅದರ ಮೂಲೆಯ ಕೋಣೆಯಲ್ಲಿ ಹನ್ನೆರಡು ಮಂದಿ ಹುಡುಗರು ಮಲಗುತ್ತಿದ್ದರು. ಒಂದು ಮಳೆಗಾಲದಲ್ಲಿ ಆ ಕೋಣೆಯ ಫರಸಿಕಲ್ಲುಗಳು ನಡುವಿನಲ್ಲಿ ತಗ್ಗಿದವು. ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಟ್ಟಿತು. ಗೌಂಡಿಯನ್ನು ಕರೆಸಿದರು. ಅವನು ಸಿಮೆಂಟನ್ನು ನೀರಿನಲ್ಲಿ ಕಲಸಿ, ಸಿಮೆಂಟಿನ ಹಾಲು ಎನ್ನುತ್ತಾರಲ್ಲ, ಅದನ್ನು ಬಿರುಕಿನೊಳಗೆ ಹೊಯ್ದನು. ಒಂದು ಚೀಲ ಹೋಯಿತು, ಎರಡು ಹೋದವು; ಆರನೆಯ ಚೀಲವೂ ಹೋಯಿತು. ಬಿರುಕು ತುಂಬಲಿಲ್ಲ. ಮೇಲೆ ಗಿಲಾಯಿ ಮಾಡಿ, ಸುಣ್ಣ ಬಳಿದು, ಕೆಲಸ ಮುಗಿಯಿತೆಂದು ಲೆಕ್ಕ ಬರೆದರು. ಮರುವರ್ಷ ಮೃಗಶಿರಾ ಮಳೆಗೆ ಅದೇ ಬಿರುಕು ಬೆರಳು ಹೋಗುವಷ್ಟು ಅಗಲವಾಗಿ ಬಾಯಿ ತೆರೆಯಿತು.

ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸಿವಿಲ್ ಇಂಜಿನಿಯರಿಂಗ್ ಓದು ಮುಗಿಸಿ ಊರಿಗೆ ಬಂದಿದ್ದನು. ಅವನನ್ನು ಕರೆದು ಕೋಣೆಯನ್ನು ತೋರಿಸಿ, ಆರು ಚೀಲ ಸಿಮೆಂಟು ಹೊಯ್ದ ಕಥೆಯನ್ನು ಹೇಳಿದೆನು. ಅವನು ನಕ್ಕು, "ಗುರುಗಳ, ಎಷ್ಟು ಚೀಲ ಹಾಕಿದ್ರಿ ಅನ್ನೂದು ಇರ್ಲಿ. ಹಾಕಿದ ಸಿಮೆಂಟ್ ಎಲ್ಲಿ ಹೋತು? ಅದನ್ನ ಹೇಳ್ರಿ ಮೊದಲ" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ, ಅವನಿಂದಲೂ ಮುಂದೆ ಪುಸ್ತಕಗಳಿಂದಲೂ ನಾನು ತಿಳಿದುಕೊಂಡದ್ದನ್ನು ಇಲ್ಲಿ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ನೆಲದೊಳಗೆ ಕೊಳವೆಯಿಳಿಸಿ ಒತ್ತಡದಿಂದ ಗಾರೆಯನ್ನು ನುಗ್ಗಿಸುವ ವಿದ್ಯೆಗೆ ಗ್ರೌಟಿಂಗ್ ಎಂದು ಹೆಸರು. ಇದು ತೀರ ಹೊಸದಲ್ಲ. 1802ರಲ್ಲಿ ಫ್ರಾನ್ಸ್ ದೇಶದ ಡಿಯೆಪ್ ಬಂದರಿನಲ್ಲಿ ಶಾರ್ಲ್ ಬೆರಿನಿ ಎಂಬ ಇಂಜಿನಿಯರನು ಶಿಥಿಲವಾದ ತೂಬಿನ ಕಟ್ಟಡದ ಕೆಳಗೆ ಇಂಥ ಪ್ರಯೋಗವನ್ನು ಮಾಡಿದನು. ಆಮೇಲೆ ಸಿಮೆಂಟಿನ ಬಳಕೆ ಹೆಚ್ಚಿದಂತೆ, ಅಣೆಕಟ್ಟುಗಳ ಕೆಳಗಣ ಬಂಡೆಯ ಸೀಳುಗಳಿಗೆ ತೆಳುವಾದ ಸಿಮೆಂಟಿನ ಹಾಲನ್ನು ತುಂಬಿಸುವುದು ಎಲ್ಲೆಡೆಯೂ ರೂಢಿಯಾಯಿತು. ಅಲ್ಲಿ ತೆಳುವೇ ಗುಣ. ಕೂದಲೆಳೆಯಂಥ ಸೀಳನ್ನೂ ಹೊಕ್ಕು ತುಂಬಬೇಕಾದುದು ಅದರ ಕೆಲಸ.

ಬಂಡೆಯಲ್ಲಿ ಗುಣವಾದದ್ದು ಮಣ್ಣಿನಲ್ಲಿಯೂ ಗುಣವಾಗಬೇಕೆಂಬ ನಿಯಮವಿಲ್ಲ. ಸಿಮೆಂಟಿನ ಕಣಗಳು ನಮ್ಮ ಕಣ್ಣಿಗೆ ನುಣ್ಣಗಿದ್ದರೂ ಸಣ್ಣ ಮರಳಿನ ತೆರಪುಗಳಿಗೆ ಅವು ದಪ್ಪವೇ. ಆದುದರಿಂದ ಸಿಮೆಂಟಿನ ಹಾಲು ಅಂಥ ಮರಳಿನೊಳಗೆ ಸಮನಾಗಿ ಹರಡಲಾರದು. ಒತ್ತಡ ಹೆಚ್ಚಿಸಿದರೆ ನೆಲವನ್ನು ಸೀಳಿಕೊಂಡು, ಎಲ್ಲಿ ಬಲ ಕಡಿಮೆಯೋ ಆ ದಿಕ್ಕಿಗೆ ಹಾಳೆಯಂತೆ ಹರಿದುಹೋಗುತ್ತದೆ. ನೆರೆಮನೆಯ ಬಾವಿಯಲ್ಲಿ ಕಾಣಿಸಿಕೊಳ್ಳಲೂಬಹುದು. ನಾವು ಎಲ್ಲಿ ಬಲ ಬೇಕೆಂದು ಬಯಸಿದ್ದೆವೋ ಅಲ್ಲಿ ಅದು ನಿಲ್ಲುವುದಿಲ್ಲ.

ನೆಲದ ಸ್ವಭಾವವನ್ನು ಪೂರ್ತಿಯಾಗಿ ಅರಿಯದೆ ಕೈಹಾಕಿದರೆ ಏನಾಗುವುದೆಂಬುದಕ್ಕೆ ಇಟಲಿಯ ಪೀಸಾ ನಗರದ ಗೋಪುರ ಸಾಕ್ಷಿಯಾಗಿ ನಿಂತಿದೆ, ನಿಂತಿದೆ ಎನ್ನುವುದಕ್ಕಿಂತ ವಾಲಿದೆ ಎನ್ನುವುದು ಸರಿ. 1173ರಲ್ಲಿ ಆರಂಭವಾದ ಆ ಗೋಪುರದ ಕೆಳಗೆ ಮರಳು ಬೆರೆತ ಸಡಿಲ ಮಣ್ಣಿನ ಪದರವೂ ಅದರ ಕೆಳಗೆ ಮೆತ್ತಗಿನ ಜೇಡಿಯ ದಪ್ಪ ಪದರವೂ ಇವೆ. ಕಟ್ಟುತ್ತಿರುವಾಗಲೇ ಅದು ಓರೆಯಾಯಿತು. 1934ರಲ್ಲಿ ಅದನ್ನು ಭದ್ರಪಡಿಸುವೆವೆಂದು ತಳಪಾಯದಲ್ಲಿ 361 ರಂಧ್ರಗಳನ್ನು ಕೊರೆದು ಸಿಮೆಂಟಿನ ಗಾರೆಯನ್ನು ಒತ್ತಿದರು. ಗೋಪುರವು ನೆಟ್ಟಗಾಗುವ ಬದಲು ಮತ್ತಿಷ್ಟು ದಕ್ಷಿಣಕ್ಕೆ ಸರಿಯಿತು. ಕಲ್ಲಿನ ಕಟ್ಟು ಗಟ್ಟಿಯಾಯಿತೆನ್ನಬಹುದು. ಅದನ್ನು ಹೊತ್ತ ಜೇಡಿ ಮೊದಲಿನಂತೆಯೇ ಮೆತ್ತಗೆ ಉಳಿಯಿತು. 1990ರ ಜನವರಿಯಲ್ಲಿ ಗೋಪುರಕ್ಕೆ ಜನರ ಪ್ರವೇಶವನ್ನು ನಿಲ್ಲಿಸಿದರು. ಕಡೆಗೆ 1999ರಿಂದ 2001ರವರೆಗೆ ನಡೆದ ಉಪಾಯವು ಇದಕ್ಕೆ ನೇರ ವಿರುದ್ಧವಾದುದು. ಏನನ್ನೂ ತುಂಬದೆ, ಎತ್ತರವಾಗಿದ್ದ ಉತ್ತರದ ಪಕ್ಕದ ಕೆಳಗಿನಿಂದ ಓರೆ ಕೊಳವೆಗಳ ಮೂಲಕ ಸ್ವಲ್ಪ ಸ್ವಲ್ಪವಾಗಿ ಮಣ್ಣನ್ನು ಹೊರತೆಗೆದರು. ಗೋಪುರವು ತಾನಾಗಿ ಆ ಕಡೆಗೆ ಇಳಿದು, ವಾಲುವಿಕೆ ಸುಮಾರು ಅರ್ಧ ಡಿಗ್ರಿಯಷ್ಟು ಕಡಿಮೆಯಾಯಿತು. 2001ರ ಡಿಸೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು.

ಈಗ ಪ್ರಕೃತ ವಿಷಯಕ್ಕೆ ಬರೋಣ. ತೆಳುವಾದ ಗಾರೆ ನಿಲ್ಲದಿದ್ದರೆ ಗಟ್ಟಿಯಾದುದನ್ನೇ ಏಕೆ ಒತ್ತಬಾರದು? 1950ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಒಂದು ಮಗ್ಗುಲಿಗೆ ಕುಸಿದ ಮನೆಗಳನ್ನು ಎತ್ತಿ ಸಮಮಾಡುತ್ತಿದ್ದ ಕೆಲಸಗಾರರು ಈ ಹಾದಿಯನ್ನು ಹಿಡಿದರು. ಮೊದಲು ಕೈಯ ಅನುಭವ, ಆಮೇಲೆ ಶಾಸ್ತ್ರ. ಎಡ್ವರ್ಡ್ ಗ್ರಾಫ್ ಎಂಬವರು 1969ರಲ್ಲಿ ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಈ ವಿಧಾನದ ಬಗೆಗೆ ಲೇಖನ ಬರೆದರು. ಜೇಮ್ಸ್ ವಾರ್ನರ್ ಎಂಬವರು ದೀರ್ಘಕಾಲ ಇದರಲ್ಲಿಯೇ ದುಡಿದು ನಿಯಮಗಳನ್ನು ರೂಪಿಸಿದರು. ಇದಕ್ಕೆ ಕಂಪ್ಯಾಕ್ಷನ್ ಗ್ರೌಟಿಂಗ್ ಎಂದು ಹೆಸರು ನಿಂತಿತು. ಒತ್ತಿ ಬಿಗಿಗೊಳಿಸುವ ಗಾರೆ ಎಂದು ಅದರ ಅರ್ಥ. ನಾನು ಇದನ್ನು ಗಟ್ಟಿಗಾರೆ ಎಂದೇ ಕರೆಯುತ್ತೇನೆ.

ಇದರ ಮರ್ಮ ತಿಳಿಯಬೇಕಾದರೆ ಅಡುಗೆಮನೆಗೆ ಹೋಗಬೇಕು. ಹೋಳಿಗೆ ಮಾಡುವಾಗ ಹೂರಣ ನೀರಾದರೆ ಏನಾಗುವುದೆಂಬುದು ತಾಯಂದಿರಿಗೆ ಗೊತ್ತು. ಅದು ಕಣಕದ ತೆಳುವಾದ ಜಾಗವನ್ನು ಹುಡುಕಿ, ಒಡೆದು, ಹೊರಗೆ ಸೋರುತ್ತದೆ. ಹೂರಣ ಗಟ್ಟಿಯಾಗಿದ್ದರೆ ಇಟ್ಟಲ್ಲಿಯೇ ಉಂಡೆಯಾಗಿ ಕುಳಿತು, ಸುತ್ತಲಿನ ಕಣಕವನ್ನು ಎಲ್ಲ ಕಡೆಗೂ ಸಮನಾಗಿ ತಳ್ಳುತ್ತದೆ. ಗಟ್ಟಿಗಾರೆಯ ಕೆಲಸವೂ ಹೀಗೆಯೇ. ಅದು ಮಣ್ಣಿನ ಕಣಗಳ ನಡುವೆ ಹೋಗುವುದಿಲ್ಲ, ಹೋಗಬಾರದು. ಕೊಳವೆಯ ಬಾಯಲ್ಲಿ ಉಂಡೆಯಾಗಿ ಉಬ್ಬುತ್ತ, ಸುತ್ತಲಿನ ಸಡಿಲ ಮಣ್ಣನ್ನು ಒತ್ತಿ ಬಿಗಿಮಾಡುತ್ತದೆ. ನೆಲಕ್ಕೆ ಬಲ ಬರುವುದು ಮುಖ್ಯವಾಗಿ ಗಾರೆಯಿಂದಲ್ಲ, ಒತ್ತಲ್ಪಟ್ಟ ಮಣ್ಣಿನಿಂದ. ಗೌಂಡಿಯ ಆರು ಚೀಲ ವ್ಯರ್ಥವಾದದ್ದಕ್ಕೆ ಒಂದು ಕಾರಣ ಇಲ್ಲಿಯೇ ಇದೆ. ಅವನು ನೆಲಕ್ಕೆ ಸಿಮೆಂಟನ್ನು ಕುಡಿಸಲು ಹೊರಟಿದ್ದನು.

ಗಾರೆ ಎಷ್ಟು ಗಟ್ಟಿಯಿರಬೇಕು? ಇದನ್ನು ಅಳೆಯಲು ಕಾಂಕ್ರೀಟಿನ ಕೆಲಸದಲ್ಲಿ ಬಳಸುವ ಸ್ಲಂಪ್ ಪರೀಕ್ಷೆಯಿದೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾದ, 30 ಸೆಂಟಿಮೀಟರ್ ಎತ್ತರದ ತಗಡಿನ ಅಚ್ಚಿನಲ್ಲಿ ಗಾರೆಯನ್ನು ತುಂಬಿ, ಅಚ್ಚನ್ನು ಮೆಲ್ಲನೆ ಮೇಲೆತ್ತುತ್ತಾರೆ. ಆಗ ರಾಶಿ ಎಷ್ಟು ಕುಸಿಯಿತೋ ಅದೇ ಸ್ಲಂಪ್. ತೆಳುವಾದ ಗಾರೆ ಅಂಬಲಿಯಂತೆ ಹರಡಿಬಿಡುತ್ತದೆ. ಗಟ್ಟಿಗಾರೆಯಾದರೋ ಮುದ್ದೆಯಂತೆ ನಿಂತು, ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಕುಸಿಯಬಾರದೆಂಬುದು ರೂಢಿಯ ಮಿತಿ. ಸಣ್ಣ ಒಂಡು ಬೆರೆತ ಮರಳು, ಸಿಮೆಂಟು, ನೀರು ಇದರ ದ್ರವ್ಯಗಳು. ಆದರೆ ಬರಿಯ ಕುಸಿತದ ಅಳತೆಯನ್ನು ನಂಬಿ ಕೂಡಬಾರದೆಂದು ಅನುಭವಿಗಳು ಎಚ್ಚರಿಸುತ್ತಾರೆ. ಜೇಡಿ ಹೆಚ್ಚಾಗಿ ಸೇರಿದ ಗಾರೆ ಅಚ್ಚಿನಲ್ಲಿ ಗಟ್ಟಿಯೆನಿಸಿದರೂ ಒತ್ತಡದಲ್ಲಿ ಜಾರಿ ದ್ರವದಂತೆ ನಡೆದುಕೊಂಡು ನೆಲವನ್ನು ಸೀಳುತ್ತದೆ. ಮರಳಿನ ಒರಟುತನವೇ ಉಂಡೆಯನ್ನು ಉಂಡೆಯಾಗಿ ಇರಿಸತಕ್ಕದ್ದು. ಹಾಗೆಂದು ನುಣುಪು ಕಣಗಳು ತೀರ ಇಲ್ಲದಿದ್ದರೆ ನೀರು ಹಿಂಡಿಹೋಗಿ ಗಾರೆ ಕೊಳವೆಯಲ್ಲಿಯೇ ಕಟ್ಟಿಕೊಳ್ಳುತ್ತದೆ. ಈ ಎರಡರ ನಡುವಣ ಹದವನ್ನು ಹಿಡಿಯುವುದೇ ಕುಶಲತೆ.

ವಿದ್ಯಾರ್ಥಿಗಳು ಇಲ್ಲೊಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಘನಮೀಟರ್ ಸಡಿಲ ಮರಳಿದೆಯೆಂದು ಭಾವಿಸೋಣ. ಅದರ ನೂರು ಪಾಲಿನಲ್ಲಿ 55 ಪಾಲು ಮರಳಿನ ಕಣ, 45 ಪಾಲು ತೆರಪು. ಅದರೊಳಗೆ 5 ಪಾಲು, ಎಂದರೆ 50 ಲೀಟರ್ ಗಟ್ಟಿಗಾರೆಯನ್ನು ಒತ್ತಿದೆವು. ನೆಲ ಮೇಲಕ್ಕೆ ಉಬ್ಬಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಈಗ ಮರಳಿಗೆ ಉಳಿದ ಸ್ಥಳ 95 ಪಾಲು. ಕಣ ಮೊದಲಿನ 55 ಪಾಲೇ ಇರುವುದರಿಂದ ತೆರಪು 40ಕ್ಕೆ ಇಳಿಯಿತು. 95ರಲ್ಲಿ 40 ಎಂದರೆ ನೂರಕ್ಕೆ ಸುಮಾರು 42. ಮೂರೇ ಪಾಲಿನ ವ್ಯತ್ಯಾಸವೆಂದು ಹಗುರಾಗಿ ಎಣಿಸಬಾರದು. ಜೋಳ ಅಳೆಯುವಾಗ ಸೇರನ್ನು ಒಮ್ಮೆ ಕುಲುಕಿದರೆ ಎಷ್ಟು ಕಾಳು ಹೆಚ್ಚು ಹಿಡಿಯುವುದೆಂಬುದನ್ನು ಮಾರುವವನೂ ಬಲ್ಲ, ಕೊಳ್ಳುವವನೂ ಬಲ್ಲ. ಕಣಕ್ಕೆ ಕಣ ತಾಗಿ ಕುಳಿತಾಗ ಮರಳಿನ ತಾಳಿಕೆ ಬಹುವಾಗಿ ಹೆಚ್ಚುತ್ತದೆ. ಆ 50 ಲೀಟರಿನ ಉಂಡೆ ಪೂರ್ಣ ಗೋಲವಾದರೆ ಅದರ ಅಡ್ಡಳತೆ ಸುಮಾರು 46 ಸೆಂಟಿಮೀಟರ್, ಒಂದೂವರೆ ಅಡಿ.

ಕೆಲಸ ನಡೆಯುವ ಬಗೆ ಹೀಗೆ. ಸಡಿಲ ಪದರದ ತಳದವರೆಗೆ ಕಬ್ಬಿಣದ ಕೊಳವೆಯನ್ನು ಇಳಿಸುತ್ತಾರೆ. ಪಂಪಿನಿಂದ ಗಾರೆಯನ್ನು ನಿಧಾನವಾಗಿ ಒತ್ತುತ್ತಾರೆ. ಒತ್ತಡವು ಚದರ ಸೆಂಟಿಮೀಟರಿಗೆ ಹತ್ತಾರು ಕಿಲೋಗ್ರಾಂ ತಲಪುವುದುಂಟು. ಒಂದು ಉಂಡೆಯಾದ ಮೇಲೆ ಕೊಳವೆಯನ್ನು ಒಂದೆರಡು ಅಡಿ ಮೇಲೆಳೆದು ಮತ್ತೊಂದು ಉಂಡೆ, ಹೀಗೆ ಮೇಲಿನವರೆಗೆ. ಮುಗಿದಾಗ ನೆಲದೊಳಗೆ ಮಣಿಸರವನ್ನು ನೆಟ್ಟಗೆ ನಿಲ್ಲಿಸಿದಂತೆ ಒಂದು ಕಂಬ ಉಳಿಯುತ್ತದೆ. ಕೆಲವು ಅಡಿಗಳ ಅಂತರದಲ್ಲಿ ಇಂಥ ಕಂಬಗಳ ಸಾಲು. ಮೊದಲು ಒಂದು ಬಿಟ್ಟು ಒಂದು ರಂಧ್ರ, ಆಮೇಲೆ ನಡುವಿನವು. ನಡುವಿನ ರಂಧ್ರ ಮೊದಲಿನದಕ್ಕಿಂತ ಕಡಿಮೆ ಗಾರೆಯನ್ನು ಹಿಡಿದರೆ, ಮಣ್ಣು ಬಿಗಿಯಾಗಿದೆಯೆಂದು ಅದೇ ಹೇಳಿದಂತಾಯಿತು.

ಎಲ್ಲಿ ನಿಲ್ಲಿಸಬೇಕೆಂಬುದು ಎಲ್ಲಿ ಆರಂಭಿಸಬೇಕೆಂಬುದಕ್ಕಿಂತ ಕಠಿಣ. ಗೊತ್ತುಪಡಿಸಿದ ಪ್ರಮಾಣ ಹೋದರೆ ನಿಲ್ಲಿಸಬೇಕು. ಒತ್ತಡ ಮಿತಿಗೆ ಏರಿದರೆ ನಿಲ್ಲಿಸಬೇಕು. ಮೇಲಿನ ನೆಲವೋ ಗೋಡೆಯೋ ಕೆಲವು ಮಿಲಿಮೀಟರ್ ಎದ್ದರೂ ನಿಲ್ಲಿಸಬೇಕು. ಅದಕ್ಕಾಗಿ ಗೋಡೆಗಳಿಗೆ ಗುರುತು ಹಚ್ಚಿ, ಮಟ್ಟ ನೋಡುವ ಯಂತ್ರವಿಟ್ಟುಕೊಂಡು ಒಬ್ಬನು ಸದಾ ಕಣ್ಣಿಟ್ಟಿರಬೇಕು. ಒತ್ತಡವು ಏರುತ್ತಿದ್ದುದು ಫಕ್ಕನೆ ಇಳಿದರೆ ಅದು ಒಳ್ಳೆಯ ಸೂಚನೆಯಲ್ಲ. ನೆಲ ಸೀಳಿತೋ, ಗಾರೆ ಹಳೆಯ ಚರಂಡಿಗೆ ನುಗ್ಗಿತೋ ನೋಡಬೇಕು. ಮೇಲಣ ನಾಲ್ಕೈದು ಅಡಿಗಳಲ್ಲಿ ಈ ವಿದ್ಯೆ ಅಷ್ಟಾಗಿ ನಡೆಯದು. ಮೇಲೆ ಭಾರ ಸಾಲದೆ ಮಣ್ಣು ಬಿಗಿಯಾಗುವ ಬದಲು ಎದ್ದುಬಿಡುತ್ತದೆ.

ಫಲವನ್ನು ಅಳೆಯುವುದಕ್ಕೂ ಸಾಧನವಿದೆ. 63.5 ಕಿಲೋಗ್ರಾಂ ತೂಕದ ಗುಂಡನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತ, ಕೆಳಗಿನ ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುತ್ತಾರೆ. ಹತ್ತಕ್ಕಿಂತ ಕಡಿಮೆ ಪೆಟ್ಟಿಗೆ ಇಳಿದರೆ ಮರಳು ಸಡಿಲ. ಮೂವತ್ತು ದಾಟಿದರೆ ಬಿಗಿ. ಗಾರೆಯ ಮೊದಲೂ ಆಮೇಲೂ ಹೀಗೆ ಎಣಿಸಿ ಹೋಲಿಸಿದಾಗಲೇ ಕೆಲಸದ ಬೆಲೆ ತಿಳಿಯುವುದು.

ದೊಡ್ಡ ಕೆಲಸವೊಂದರ ಉದಾಹರಣೆಯನ್ನು ಹೇಳಬೇಕಾದರೆ ಅಮೆರಿಕದ ಬಾಲ್ಟಿಮೋರ್ ನಗರದ್ದು. 1970ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಭೂಗತ ರೈಲಿಗಾಗಿ ಬೋಲ್ಟನ್ ಹಿಲ್ ಎಂಬ ಹಳೆಯ ಬಡಾವಣೆಯ ಕೆಳಗೆ ಜೋಡಿ ಸುರಂಗಗಳನ್ನು ತೋಡಿದರು. ಮೇಲೆ ಒಂದಕ್ಕೊಂದು ಅಂಟಿದ ಹಳೆಯ ಇಟ್ಟಿಗೆಯ ಮನೆಗಳ ಸಾಲು. ಸುರಂಗದ ಯಂತ್ರ ಮುಂದೆ ಸಾಗಿದಂತೆ ಅದರ ನೆತ್ತಿಯ ಮೇಲಿನ ಮಣ್ಣು ಸ್ವಲ್ಪ ಸಡಿಲಿಸುವುದು ಸಹಜ. ಆ ಸಡಿಲಿಕೆ ಮೆಲ್ಲನೆ ಮೇಲೇರಿ ಮನೆಗಳ ತಳಪಾಯವನ್ನು ಮುಟ್ಟಿದರೆ ಗೋಡೆಗಳು ಬಿರಿಯುತ್ತವೆ. ಪ್ರತಿಯೊಂದು ಮನೆಯ ಕೆಳಗೂ ಹೊಸ ಆಧಾರ ಕಟ್ಟುವುದು ಬಹು ವೆಚ್ಚದ ಮಾತು. ಅದರ ಬದಲು ಮುಂಚಿತವಾಗಿಯೇ ಕೊಳವೆಗಳನ್ನು ಸುರಂಗದ ನೆತ್ತಿಯ ಸಮೀಪಕ್ಕೆ ಇಳಿಸಿಟ್ಟು, ಯಂತ್ರ ಹಾದುಹೋದ ಬೆನ್ನಲ್ಲಿಯೇ ಗಟ್ಟಿಗಾರೆಯ ಉಂಡೆಗಳನ್ನು ಒತ್ತಿದರು. ಸಡಿಲಿಕೆ ಹುಟ್ಟಿದ ಸ್ಥಳದಲ್ಲಿಯೇ ಅಡಗಿತು. 1983ರಲ್ಲಿ ಆ ರೈಲು ಓಡಲಾರಂಭಿಸಿತು.

ನೀರು ತುಂಬಿದ ಸಡಿಲ ಮರಳು ಭೂಕಂಪದಲ್ಲಿ ಅಲುಗಾಡಿದಾಗ ಕ್ಷಣಕಾಲ ದ್ರವದಂತಾಗಿ ಮೇಲಿನ ಕಟ್ಟಡವನ್ನು ನುಂಗುವುದುಂಟು. ಜಪಾನಿನವರು ಇದಕ್ಕೆ ಪ್ರತಿಯಾಗಿ ಗಟ್ಟಿಗಾರೆಯನ್ನು ಬಳಸುತ್ತಾರೆ. ಟೋಕಿಯೋದ ಹನೇದಾ ವಿಮಾನ ನಿಲ್ದಾಣ ಸಮುದ್ರವನ್ನು ತುಂಬಿಸಿ ಪಡೆದ ನೆಲದ ಮೇಲಿದೆ. ಅಲ್ಲಿ ವಿಮಾನಗಳು ಓಡುವ ಹಾದಿಯ ಕೆಳಗೂ ಈ ಕೆಲಸ ನಡೆದಿದೆ. ಅಗೆಯದೆ, ಕೆಡವದೆ, ಕಿರಿದಾದ ರಂಧ್ರದ ಮೂಲಕವೇ ನಡೆಯುವ ಕೆಲಸವಾದುದರಿಂದ ಇದು ಸಾಧ್ಯ. ಈ ವಿಧಾನದ ಹೆಗ್ಗಳಿಕೆಯೂ ಅದೇ.

ಇನ್ನು ಇದು ಎಲ್ಲಿ ಸಲ್ಲದು ಎಂಬ ಮಾತು. ಈ ಭಾಗವನ್ನು ವಿದ್ಯಾರ್ಥಿಗಳು ಹೆಚ್ಚು ಗಮನವಿಟ್ಟು ಓದಬೇಕೆಂದು ನನ್ನ ಅಪೇಕ್ಷೆ. ಗಟ್ಟಿಗಾರೆ ಒತ್ತಿದಾಗ ಮಣ್ಣು ಬಿಗಿಯಾಗಬೇಕಾದರೆ ಅದರ ತೆರಪಿನಲ್ಲಿರುವ ಗಾಳಿ ಅಥವಾ ನೀರು ಹೊರಗೆ ಹೋಗಬೇಕು. ಮರಳಿನಿಂದ ನೀರು ಬೇಗ ಹೋಗುತ್ತದೆ. ನೀರುಂಡ ಜೇಡಿಯಿಂದ ಹೋಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಅಲ್ಲಿ ಉಂಡೆ ಉಬ್ಬಿದರೆ ಜೇಡಿ ಬಿಗಿಯಾಗದೆ ಬರಿದೆ ಸರಿಯುತ್ತದೆ. ಇಂದು ಎದ್ದ ನೆಲ ನಾಳೆ ನೀರು ಇಳಿದಂತೆ ಮತ್ತೆ ಕುಸಿಯುತ್ತದೆ. ಲಂಡನ್ ನಗರದ ನೆಲ ಬಹುಪಾಲು ಜೇಡಿ. ಅಲ್ಲಿ 1990ರ ದಶಕದಲ್ಲಿ ಜ್ಯೂಬಿಲಿ ರೈಲುಮಾರ್ಗಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣವನ್ನು ಸುಮಾರು 39 ಮೀಟರ್ ಆಳಕ್ಕೆ ತೋಡುವಾಗ, ಸಮೀಪದ ಬಿಗ್ ಬೆನ್ ಗಡಿಯಾರದ ಗೋಪುರ ವಾಲದಂತೆ ಕಾಯಬೇಕಾಯಿತು. ಆಗ ಇಂಜಿನಿಯರುಗಳು ಆಯ್ದುಕೊಂಡದ್ದು ಬೇರೆ ಬಗೆ. ಗೋಪುರದ ಕೆಳಗೆ ಅಡ್ಡಲಾಗಿ ಹೂಡಿದ ಕೊಳವೆಗಳಿಂದ, ಹರಿಯಬಲ್ಲ ಗಾರೆಯನ್ನು ಸ್ವಲ್ಪಸ್ವಲ್ಪವಾಗಿ, ಹಲವು ಸಲ, ಜೇಡಿಯನ್ನು ಬೇಕೆಂದೇ ಸೀಳುವಂತೆ ಒತ್ತಿದರು. ತೋಡಿದಷ್ಟೂ ಇಳಿಯುತ್ತಿದ್ದುದನ್ನು ಅಷ್ಟಷ್ಟೇ ಎತ್ತುತ್ತ ಹೋದರು. ಒಂದು ಕಡೆ ದೋಷವೆನಿಸಿದ ಸೀಳುವಿಕೆ ಇನ್ನೊಂದು ಕಡೆ ಉಪಾಯವಾಯಿತು. ಪೀಸಾದ ಗೋಪುರಕ್ಕೂ ಈ ಗೋಪುರಕ್ಕೂ ಸಲಹೆಗಾರರಾಗಿದ್ದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಬರ್ಲಂಡ್ ಅವರೇ. ಒಂದು ಕಡೆ ಮಣ್ಣು ತೆಗೆಯಲು ಹೇಳಿದರು, ಇನ್ನೊಂದು ಕಡೆ ಗಾರೆ ತುಂಬಲು ಹೇಳಿದರು. ವೈದ್ಯನೊಬ್ಬನೇ, ರೋಗಿಯ ನಾಡಿ ಬೇರೆ.

ನಮ್ಮ ಸೀಮೆಯ ಎರೆಭೂಮಿಯ ಮಾತೂ ಇಲ್ಲಿ ಬರುತ್ತದೆ. ಎರೆಮಣ್ಣಿನ ದೋಷ ಸಡಿಲತನವಲ್ಲ. ನೀರುಂಡು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಆಳವಾಗಿ ಬಿರಿಯುವುದು. ಅದರೊಳಗೆ ಎಷ್ಟು ಗಾರೆಯ ಉಂಡೆಗಳನ್ನಿಟ್ಟರೂ ಅದರ ಉಬ್ಬುವ ಸ್ವಭಾವ ಹೋಗುವುದಿಲ್ಲ. ಅದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ, ಬುಡದಲ್ಲಿ ಗಂಟೆಯಂತೆ ಅಗಲವಾದ ಕಾಂಕ್ರೀಟಿನ ಕಂಬಗಳು ಬೇರೆ ಇವೆ. ಅವು ಉಬ್ಬಿಳಿಯುವ ಮೇಲಣ ಪದರವನ್ನು ದಾಟಿ, ನೀರಿನ ಏರಿಳಿತ ಮುಟ್ಟದ ಆಳದಲ್ಲಿ ಕಾಲೂರುತ್ತವೆ. ಗೋಡೆ ಬಿರಿದೊಡನೆ ಸಿಮೆಂಟು ಹೊಯ್ಯಲು ಬರುವವರಿಗೆ ನಮ್ಮಲ್ಲಿ ಇಂದಿಗೂ ಕೊರತೆಯಿಲ್ಲ. ಅವರನ್ನು ಮೊದಲು ಕೇಳಬೇಕಾದ ಪ್ರಶ್ನೆ ದರದ ವಿಷಯವಲ್ಲ, ಮಣ್ಣು ಯಾವುದು ಎಂಬುದು.

ವಸತಿಗೃಹದ ಕೋಣೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆನು. ನನ್ನ ವಿದ್ಯಾರ್ಥಿ ಅಂದೇ ಹುಡುಗರನ್ನೆಲ್ಲ ಹಾಸಿಗೆ ಸಹಿತ ಪಡಸಾಲೆಗೆ ಕಳಿಸಿದನು. ಆಮೇಲೆ ಊರಿನ ಹಿರಿಯರೊಬ್ಬರನ್ನು ಕರೆತಂದು, ಆ ಜಾಗದಲ್ಲಿ ಮೊದಲು ಏನಿತ್ತೆಂದು ವಿಚಾರಿಸಿದನು. ಮುದುಕರು ಕೋಲಿನಿಂದ ನೆಲ ತಟ್ಟುತ್ತ, "ಇಲ್ಲಿ ನಮ್ಮ ದೊಡ್ಡಪ್ಪನ ಕಾಲದ ಹಗೇವು ಇತ್ತಲ್ಲೋ ತಮ್ಮಾ" ಎಂದರು. ಜೋಳ ತುಂಬಿಡಲು ಹಿಂದಿನವರು ತೋಡುತ್ತಿದ್ದ ನೆಲಗಣಜಕ್ಕೆ ಹಗೇವು ಎಂದು ಹೆಸರು. ಬಾಯಿ ಕಿರಿದು, ಒಳಗೆ ಗಡಿಗೆಯಂತೆ ವಿಶಾಲ. ಬಳಕೆ ತಪ್ಪಿದ ಮೇಲೆ ಯಾರೋ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣೆಳೆದಿದ್ದರು. ಕಟ್ಟಿಸಿದವರು ಕೇಳಲಿಲ್ಲ, ಕಟ್ಟಿದವರು ನೋಡಲಿಲ್ಲ. ಆರು ಚೀಲ ಸಿಮೆಂಟು ಹೋದದ್ದು ಅದರ ಹೊಟ್ಟೆಗೆ.

ಹಾಗಾದರೆ ಇಲ್ಲಿ ಗಟ್ಟಿಗಾರೆ ಒತ್ತೋಣವೇ ಎಂದು ನಾನು ಹೊಸ ಉತ್ಸಾಹದಿಂದ ಕೇಳಿದೆನು. ಅವನು ಒಪ್ಪಲಿಲ್ಲ. ಅಗೆಯಲಾಗದ ಕಡೆ ಅದು ಬೇಕು, ಇಲ್ಲಿ ಅಗೆಯಲು ಅಡ್ಡಿಯೇನಿದೆ ಎಂದನು. ಗೋಡೆಗೆ ಮರದ ಆನಿಕೆ ಕೊಟ್ಟು, ಫರಸಿ ಕಿತ್ತು, ಹಗೇವಿನ ಬಾಯಿ ತೆರೆಸಿದರು. ಒಳಗೆ ಒಬ್ಬ ಆಳು ನೆಟ್ಟಗೆ ನಿಲ್ಲುವಷ್ಟು ಪೊಳ್ಳು. ತಳದಲ್ಲಿ ಗೌಂಡಿಯ ಸಿಮೆಂಟು ಬೂದಿಬಣ್ಣದ ಹಲಗೆಯಂತೆ ಬಿದ್ದಿತ್ತು. ಅದರ ಮೇಲೆ ಕಲ್ಲು, ಕಲ್ಲಿನ ಸಂದಿಗೆ ಗರಸು, ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು ಹೊಡೆದು ಹನ್ನೊಂದು ದಿನಗಳಲ್ಲಿ ತುಂಬಿದರು. ಬಿರುಕಿನ ಎರಡು ದಡಗಳಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಸಿಮೆಂಟಿನಿಂದ ಅಂಟಿಸಿ, ಗೋಡೆ ಅಲುಗಿದರೆ ಗಾಜು ಒಡೆದು ತಿಳಿಯುತ್ತದೆಂದು ಹೇಳಿ ಹೋದನು. ಎರಡು ಮಳೆಗಾಲ ಕಳೆದವು. ಗಾಜು ಒಡೆಯಲಿಲ್ಲ. ಅನಂತರವೇ ಹುಡುಗರು ತಮ್ಮ ಹಾಸಿಗೆಗಳನ್ನು ಮತ್ತೆ ಆ ಕೋಣೆಗೆ ಒಯ್ದರು.